ಪಾಲ್ ಹ್ಯಾರಿಸ್ ಫೆಲೋ: ಸದಸ್ಯರಲ್ಲದವರಿಗೂ ಕೊಡಬಹುದು

ನಿಮ್ಮೂರಿನ ಆಂಬುಲೆನ್ಸ್ ಚಾಲಕರು ರೋಟರಿ ಕ್ಲಬ್ಬಿನ ಸದಸ್ಯರಲ್ಲದಿದ್ದರೂ ಅವರಿಗೆ ಪಾಲ್ ಹ್ಯಾರಿಸ್ ಫೆಲೋ ಗೌರವ ಕೊಡಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕೊಡಬಹುದು. ರೋಟರಿ ಸ್ಥಾಪಕರ ಹೆಸರಿನಲ್ಲಿ 1957ರಲ್ಲಿ ಆರಂಭವಾದ ಈ ಮನ್ನಣೆ ರೋಟರಿಯ ದತ್ತಿಸಂಸ್ಥೆಯಾದ ರೋಟರಿ ಫೌಂಡೇಶನ್ನಿಗೆ 1,000 ಡಾಲರ್ ದೇಣಿಗೆ ಕೊಟ್ಟವರಿಗೆ, ಇಲ್ಲವೇ ಯಾರ ಹೆಸರಿನಲ್ಲಿ ಅಷ್ಟು ಹಣ ಸಂದಿದೆಯೋ ಅವರಿಗೆ ಸಲ್ಲುತ್ತದೆ. ಹಣ ಕ್ಲಬ್ಬಿನದು, ಹೆಸರು ಚಾಲಕರದು. ಲಯನ್ಸ್‌ನ ಮೆಲ್ವಿನ್ ಜೋನ್ಸ್ ಫೆಲೋ ಕೂಡ ಇಂಥದ್ದೇ.

ಆದರೆ ಆ ಹಣ ಪೋಲಿಯೊ ನಿರ್ಮೂಲನೆಯಂಥ ಕೆಲಸಗಳಿಗೆ ಹೋಗುತ್ತದೆ. ಚಾಲಕರ ಕೈಗೆ ಬರುವುದು ಪಿನ್ನು, ಪ್ರಮಾಣಪತ್ರ. ನಾನಾದರೆ ಕ್ಲಬ್ಬಿನದೇ ವೃತ್ತಿಸೇವಾ ಪ್ರಶಸ್ತಿ ಕೊಟ್ಟು, ಮಿಕ್ಕ ಹಣದಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಚೆನ್ನಾಗಿ ಓದಿದ ಬಡಮಕ್ಕಳ ಪಿಯು ಶುಲ್ಕ ಕಟ್ಟುತ್ತಿದ್ದೆ. ಶಾಲು, ಪೇಟ, ಹಣ್ಣಿನ ಬುಟ್ಟಿ ಇರಲಿ. ಅಧ್ಯಕ್ಷರ ಭಾಷಣ ಮೊಟಕಾಗಲಿ (ಆಗುವುದಿಲ್ಲ, ಗೊತ್ತು), ಚಾಲಕರಿಗೂ ಮೈಕು ಕೊಡಿ.