ಚೀನಾ ಮಾಲಿನಿಂದ ಫ್ಯಾಕ್ಟರಿ ಮುಚ್ಚುತ್ತಿದೆ, ರಾಜೀನಾಮೆ ಬರೆದುಕೊಡಿ ಅಂತಿದ್ದಾರೆ. ನಮ್ಮಂಥವರಿಗೆ ಸರ್ಕಾರದ ಸಹಾಯ ಏನಿದೆ?

ದಯವಿಟ್ಟು ಬರೆದುಕೊಡಬೇಡಿ. ಮಿಕ್ಕಿದ್ದು ಆಮೇಲೆ.

ಮಾಲೂರಿನಲ್ಲಿ ನಿಮಗೆ ಈಗ ಆಗುತ್ತಿರುವುದು 2019ರ ಮೇ ತಿಂಗಳಲ್ಲಿ ತುಮಕೂರಿನ ಹಿರೇಹಳ್ಳಿಯಲ್ಲಿ ನನಗೆ ಆಯಿತು. ನಾವು ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಮಾಡುತ್ತಿದ್ದೆವು. ನಲವತ್ತು ಜನ, ಹೆಚ್ಚಿನವರು ಹೆಂಗಸರು. ನಾನು ವೈಂಡಿಂಗ್‌ನಲ್ಲಿ, ಅಂದರೆ ತಂತಿ ಸುತ್ತುವ ಕೆಲಸದಲ್ಲಿದ್ದೆ. ನಾವು ತಾಮ್ರದ ತಂತಿಗೆ ಕೊಡುತ್ತಿದ್ದ ದುಡ್ಡಿಗೆ ಚೀನಾದಿಂದ ಪೂರ್ತಿ ಅಡಾಪ್ಟರ್ ಪ್ಯಾಕಿಂಗ್ ಸಮೇತ ಬರತೊಡಗಿತು. ಮೊದಲು ಓಟಿ ನಿಂತಿತು. ಆಮೇಲೆ ಸೆಕೆಂಡ್ ಶಿಫ್ಟ್ ನಿಂತಿತು. ಒಂದು ಶನಿವಾರ ಒಬ್ಬೊಬ್ಬರನ್ನೇ ಒಳಗೆ ಕರೆದರು.

ರಾಜೀನಾಮೆ ಬರೆದುಕೊಟ್ಟರೆ ನಿಮಗೆ ಮೂರು ತಿಂಗಳ ಸಂಬಳ ಅಂದಿದ್ದಾರೆ. ನಮಗೆ ಎರಡು ತಿಂಗಳದ್ದು ಅಂದರು.

ಆ ಕೋಣೆಯಲ್ಲಿ ಯಾರೂ ಜೋರು ಮಾಡಲಿಲ್ಲ. ಕೂರಿಸಿ ಕಾಫಿ ಕೊಟ್ಟರು. 'ನಿಮ್ಮದೇನೂ ತಪ್ಪಿಲ್ಲಮ್ಮ, ಬಿಸಿನೆಸ್ಸೇ ಇಲ್ಲ' ಅಂದರು. ಒಂದು ಬಿಳಿ ಹಾಳೆ ಕೊಟ್ಟು, 'ವೈಯಕ್ತಿಕ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ' ಎಂದು ನನ್ನ ಕೈಯಲ್ಲೇ ಬರೆಸಿದರು. ಟೈಪ್ ಮಾಡಿದ ಕಾಗದವಾಗಿದ್ದರೆ ನಾನು ಓದದೆ ಸಹಿ ಹಾಕಿದೆ ಅಂತಾದರೂ ಹೇಳಬಹುದಿತ್ತು. ಅದು ನನ್ನದೇ ಅಕ್ಷರ. 'ವೈಯಕ್ತಿಕ' ಬರೆಯುವಾಗ ಒತ್ತಕ್ಷರ ತಪ್ಪಿತು, ಹೊಡೆದು ಮತ್ತೆ ಬರೆದೆ. ಆಗಲಾದರೂ ನನಗೆ ಯಾವ ವೈಯಕ್ತಿಕ ಕಾರಣ ಇದೆ ಅಂತ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಮುಂದಿನ ವಾರ ಮಗಳ ಸ್ಕೂಲ್ ಫೀಸ್ ಕಟ್ಟಬೇಕಿತ್ತು, 28,400 ರೂಪಾಯಿ ಚೆಕ್ ಟೇಬಲ್ ಮೇಲಿತ್ತು. ಹೇಗಿದ್ದರೂ ಮುಚ್ಚುತ್ತಾರೆ, ಯಾವ ಕಾಗದವಾದರೇನು ಅಂದುಕೊಂಡೆ. ನಾನು ಮಾಡಿದ ತಪ್ಪು ಅದೊಂದೇ. ಕಾಗದ ಯಾವುದು ಅನ್ನುವುದರ ಮೇಲೇ ಎಲ್ಲ ನಿಂತಿತ್ತು.

ಮೂರು ತಿಂಗಳಾದ ಮೇಲೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ ಆಫೀಸಿಗೆ ಹೋದೆ. ಒಂಬತ್ತು ವರ್ಷ ಪ್ರತಿ ತಿಂಗಳು ಸಂಬಳದಲ್ಲಿ 1.75 ಪರ್ಸೆಂಟ್ ಹಿಡಿದಿದ್ದರಲ್ಲ, ಏನಾದರೂ ಸಿಗಬಹುದು ಅಂತ. ಅಲ್ಲಿದ್ದವರು ತಾಳ್ಮೆಯಿಂದಲೇ ಹೇಳಿದರು. 2005ರಿಂದ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಅಂತ ಇದೆ. ಫ್ಯಾಕ್ಟರಿ ಮುಚ್ಚಿದರೆ ಅಥವಾ ರಿಟ್ರೆಂಚ್ ಮಾಡಿದರೆ, ಅಂದರೆ ಕಂಪನಿಯವರೇ ಕೆಲಸದಿಂದ ತೆಗೆದರೆ, ಮೊದಲ ವರ್ಷ ಅರ್ಧ ಸಂಬಳ, ಎರಡನೇ ವರ್ಷ ಕಾಲು ಸಂಬಳ. ಜೊತೆಗೆ ಮನೆಯವರಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ. 'ರಿಟ್ರೆಂಚ್‌ಮೆಂಟ್ ಲೆಟರ್ ಕೊಡಿ' ಅಂದರು. ನನ್ನ ಹತ್ತಿರ ಇದ್ದದ್ದು ರಾಜೀನಾಮೆ. ತಾವಾಗಿ ಬಿಟ್ಟವರಿಗೆ ಅದು ಇಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನ ಸಂಬಳ 14,200. ಕೆಲಸದಿಂದ ತೆಗೆದರೆ ವರ್ಷಕ್ಕೆ 15 ದಿನದಂತೆ ಪರಿಹಾರ ಕೊಡಬೇಕು ಅಂತ ಕಾನೂನಿದೆ. ಒಂಬತ್ತು ವರ್ಷಕ್ಕೆ 63,900. ಒಂದು ತಿಂಗಳ ನೋಟಿಸ್ ಸಂಬಳ ಸೇರಿ 78,100. ಇಎಸ್‌ಐನ ಎರಡು ವರ್ಷದ ಭತ್ಯೆ ಹತ್ತಿರ ಹತ್ತಿರ 1,27,800. ಕೈಗೆ ಬಂದ 28,400 ಕಳೆದರೂ ಒಂದೂಮುಕ್ಕಾಲು ಲಕ್ಷ ಹೋಯಿತು. ಗ್ರಾಚ್ಯುಟಿ ಬಂತು, ಅದು ಐದು ವರ್ಷ ದಾಟಿದವರಿಗೆ ರಾಜೀನಾಮೆ ಕೊಟ್ಟರೂ ಬರುತ್ತದೆ. ಅದನ್ನೂ ಈ ಡೀಲಿನಲ್ಲಿ ಸೇರಿಸಿ ದೊಡ್ಡದು ಮಾಡಿ ತೋರಿಸುತ್ತಾರೆ, ಹುಷಾರು.

ಕ್ಯಾತ್ಸಂದ್ರದಿಂದ ಬರುತ್ತಿದ್ದ ಒಬ್ಬ ಅಕ್ಕ ಸಹಿ ಮಾಡಲಿಲ್ಲ. 'ನಾನು ಯಾಕೆ ಬಿಡಲಿ, ನೀವೇ ತೆಗೀರಿ' ಅಂದುಬಿಟ್ಟರು. ಹದಿನೈದು ದಿನ ಸುಮ್ನೆ ಗೇಟಿನ ಹತ್ತಿರ ಬಂದು ಹೋದರು. ಕೊನೆಗೆ ಅವರಿಗೆ ರಿಟ್ರೆಂಚ್‌ಮೆಂಟ್ ಲೆಟರ್ ಬಂತು. ಕೋವಿಡ್ ಲಾಕ್‌ಡೌನ್‌ನಲ್ಲಿ ನಾನು ಒಡವೆ ಅಡ ಇಡುವಾಗ ಅವರಿಗೆ ಇಎಸ್‌ಐ ದುಡ್ಡು ಬರುತ್ತಿತ್ತು. ನಾನೂ ಲೇಬರ್ ಆಫೀಸಿಗೆ ಹೋದೆ. ಒತ್ತಾಯದಿಂದ ಬರೆಸಿಕೊಂಡರು ಅಂತ ನೀವೇ ಸಾಬೀತು ಮಾಡಬೇಕು ಅಂದರು. ಕಾಫಿ ಕುಡಿಸಿ ಬರೆಸಿಕೊಂಡದ್ದನ್ನು ಯಾರ ಮುಂದೆ ಸಾಬೀತು ಮಾಡಲಿ?

ಈಗ ನಿಮ್ಮ ಪ್ರಶ್ನೆ. ಆಮದಿನಿಂದ ಕೆಲಸ ಹೋದವರಿಗೆ ಅಮೆರಿಕದಲ್ಲಿ ಇರುವಂಥ ಯೋಜನೆ ಇಲ್ಲೂ ಇದೆಯಾ ಅಂತ ಕೇಳಿದ್ದೀರಿ. ಅಲ್ಲಿ ಅದು 1962ರ ಕಾನೂನಿನಿಂದ ಶುರುವಾದದ್ದು, ತರಬೇತಿ ಮತ್ತು ಭತ್ಯೆ ಕೊಡುತ್ತಿದ್ದರು. 2022ರ ಜುಲೈ 1ರಿಂದ ಹೊಸಬರನ್ನು ಅಲ್ಲೂ ಸೇರಿಸಿಕೊಳ್ಳುತ್ತಿಲ್ಲ. ನಮ್ಮಲ್ಲಿ ಆಮದಿನ ಹೆಸರಿನ ಯೋಜನೆ ಹುಡುಕುತ್ತಾ ಕೂತರೆ ದಿನ ಹೋಗುತ್ತದೆ. ಚೀನಾ ಮಾಲಿನಿಂದ ಮುಚ್ಚಿತೋ, ಮಾಲೀಕರ ಜಗಳದಿಂದ ಮುಚ್ಚಿತೋ ಇಲ್ಲಿ ಯಾರೂ ಕೇಳುವುದಿಲ್ಲ. ನೀವು ಬಿಟ್ಟಿರಾ, ಅವರು ತೆಗೆದರಾ ಅಂತ ಕೇಳುತ್ತಾರೆ. ಮೊದಲು ಸಹಿ ಮಾಡಿ ಆಮೇಲೆ ಸರ್ಕಾರಕ್ಕೆ ಅರ್ಜಿ ಹಾಕುತ್ತೇನೆ ಅನ್ನುವ ನಿಮ್ಮ ಯೋಚನೆ ನಡೆಯುವುದಿಲ್ಲ.

ನಿಮಗೆ ಹನ್ನೊಂದು ವರ್ಷ ಸರ್ವಿಸ್. ಪರಿಹಾರವೇ ಐದೂವರೆ ತಿಂಗಳ ಸಂಬಳ, ನೋಟಿಸ್ ಸೇರಿ ಆರೂವರೆ. ಅವರು ಕೊಡುತ್ತೇನೆ ಅನ್ನುತ್ತಿರುವುದು ಮೂರು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಅದರಲ್ಲಿ ರಿಟ್ರೆಂಚ್ ಆದವರಿಗೆ ಹೊಸ ಕೆಲಸ ಕಲಿಯಲು ಇನ್ನೂ 15 ದಿನದ ಸಂಬಳ, 45 ದಿನದೊಳಗೆ ಖಾತೆಗೆ ಹಾಕಬೇಕು ಅಂತಿದೆ. ರಾಜೀನಾಮೆ ಕೊಟ್ಟವರಿಗೆ ಇದೂ ಇಲ್ಲ.

ನಾಳೆ ಕರೆದರೆ, 'ನಾನು ಕೆಲಸ ಮಾಡಲು ಸಿದ್ಧ, ತೆಗೆಯುವುದಾದರೆ ನೀವೇ ಬರೆದುಕೊಡಿ' ಅನ್ನಿ. ಜಾಸ್ತಿ ಒತ್ತಾಯ ಮಾಡಿದರೆ ಅದೇ ಮಾತನ್ನು ಅವತ್ತೇ ಸ್ಪೀಡ್ ಪೋಸ್ಟಿನಲ್ಲಿ ಕಂಪನಿಗೆ ಕಳಿಸಿ, ಒಂದು ಪ್ರತಿ ಕಾರ್ಮಿಕ ಅಧಿಕಾರಿಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಇಎಸ್‌ಐ ಆಫೀಸಿಗೆ ಈಗಲೇ ಹೋಗಿ ನಿಮ್ಮ ಕಂತು ಎಲ್ಲಿಯವರೆಗೆ ಕಟ್ಟಿದ್ದಾರೆ ನೋಡಿ. ಜೊತೆಯವರನ್ನೂ ಕರೆದುಕೊಂಡು ಹೋಗಿ, ಅವರಲ್ಲೂ ಕೆಲವರು ಇನ್ನೂ ಸಹಿ ಮಾಡಿಲ್ಲ ಅಲ್ವಾ? ಅವತ್ತು ನಾನು ಒಬ್ಬಳೇ ಒಳಗೆ ಹೋಗಿದ್ದೆ.