ಕ್ಯಾಲಿಫೋರ್ನಿಯಾದಲ್ಲಿ ಪಕ್ಕದ ಖಾಲಿ ಸೈಟಿನಲ್ಲಿ ಒಣಹುಲ್ಲು ಬೆಳೆದು ನಿಂತಿದ್ದರೆ, ಕಡಿಸಲೇಬೇಕು ಎನ್ನುವ ನಿಯಮ ಇದೆಯೇ?

ಇದೆ, ಆದರೆ ಹೆಚ್ಚಾಗಿ ಅದು ರಾಜ್ಯದ ಕಾನೂನಿನಲ್ಲಲ್ಲ, ನಿಮ್ಮ ಊರಿನ ನಿಯಮದಲ್ಲಿ. ಎಲ್ಲರೂ ಹೇಳುವ '100 ಅಡಿ' ನಿಯಮ ರಾಜ್ಯದ್ದು. ಬೆಂಕಿಯ ಅಪಾಯವಿರುವ ಪ್ರದೇಶದಲ್ಲಿ ಕಟ್ಟಡ ಇರುವವರು ಅದರ ಸುತ್ತ 100 ಅಡಿಯವರೆಗೆ ಒಣಗಿದ್ದನ್ನು ತೆಗೆಯಬೇಕು, ಹುಲ್ಲು 4 ಇಂಚು ಮೀರಬಾರದು, ಚಿಮಣಿಯಿಂದ 10 ಅಡಿಯೊಳಗೆ ಕೊಂಬೆ ಚಾಚಿರಬಾರದು. ಆದರೆ ಈ ಹೊಣೆ ನಿಮ್ಮ ಬೇಲಿಗೇ ಮುಗಿಯುತ್ತದೆ.

ಕಟ್ಟಡವೇ ಇಲ್ಲದ ಸೈಟು ಸಾಮಾನ್ಯವಾಗಿ ನಗರ ಅಥವಾ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಕಳೆ ನಿಯಮದಡಿ ಬರುತ್ತದೆ. ಸ್ಥಳೀಯ ಅಗ್ನಿಶಾಮಕ ಇಲಾಖೆಗೆ ದೂರು ಕೊಡಿ. ಅನೇಕ ಕಡೆ ಮಾಲೀಕರಿಗೆ ನೋಟಿಸ್ ಹೋಗುತ್ತದೆ. ಗಡುವು ದಾಟಿದರೆ ಆಡಳಿತವೇ ಗುತ್ತಿಗೆದಾರರಿಂದ ಕಡಿಸಿ, ಖರ್ಚನ್ನು ಆಸ್ತಿ ತೆರಿಗೆ ಬಿಲ್ಲಿಗೆ ಸೇರಿಸುತ್ತದೆ. ಜಗ್ಗದವರೂ ಜಗ್ಗುವುದು ಅಲ್ಲೇ.

ಅಷ್ಟರಲ್ಲಿ ನಿಮ್ಮ ಮನೆಯ ಸೂರು, ಮಳೆನೀರಿನ ದೋಣಿಯಲ್ಲಿ ಬಿದ್ದ ತರಗೆಲೆ ತೆಗೆಯಿರಿ. ಎಷ್ಟೋ ಮನೆಗಳು ಹೊತ್ತುವುದು ಗಾಳಿಯಲ್ಲಿ ಹಾರಿಬಂದ ಕೆಂಡದಿಂದ. ಹುಲ್ಲು ಕತ್ತರಿಸುವುದಿದ್ದರೆ ಬೆಳಿಗ್ಗೆ 10ರೊಳಗೆ, ಗಾಳಿಯಿಲ್ಲದ ದಿನ. ಯಂತ್ರದ ಅಲಗು ಕಲ್ಲಿಗೆ ತಾಗಿ ಹಾರುವ ಒಂದು ಕಿಡಿಯೇ ಸಾಕು.