ಕಾರಣ ಸಿಗದ ಜ್ವರ, ಮುಗಿಯದ ಪರೀಕ್ಷೆಗಳು: ಪತ್ನಿಯ ಜೊತೆ ನಾನು ಹೇಗಿರಬೇಕು?

ಪ್ರಶ್ನೆ: ನನ್ನ ಪತ್ನಿಗೆ 38 ವರ್ಷ. ಸುಮಾರು ಎರಡು ತಿಂಗಳಿಂದ ಸಂಜೆಯಾಗುತ್ತಿದ್ದಂತೆ ಅವಳಿಗೆ ಜ್ವರ ಬರುತ್ತಿದೆ, ರಾತ್ರಿ ಬೆವರಿ ಬಟ್ಟೆ ಒದ್ದೆಯಾಗುತ್ತದೆ, ಸೊಂಟ ಮತ್ತು ಕೀಲುಗಳು ನೋಯುತ್ತವೆ, ತೂಕವೂ ಇಳಿದಿದೆ. ಊರಿನಲ್ಲಿ ಮೊದಲು ಟೈಫಾಯ್ಡ್ ಎಂದು ಚಿಕಿತ್ಸೆ ಕೊಟ್ಟರು, ಗುಣವಾಗಲಿಲ್ಲ. ಈಗ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ತೋರಿಸುತ್ತಿದ್ದೇವೆ. ರಕ್ತ, ಮೂತ್ರ, ಎಕ್ಸ್-ರೇ, ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲ ಆಗಿದ್ದರೂ ಇಎಸ್‌ಆರ್ (ದೇಹದಲ್ಲಿ ಉರಿಯೂತವಿದೆಯೇ ಎಂದು ಸೂಚಿಸುವ ರಕ್ತಪರೀಕ್ಷೆ) ಹೆಚ್ಚಿದೆ ಎಂಬುದನ್ನು ಬಿಟ್ಟರೆ ಏನೂ ಸಿಕ್ಕಿಲ್ಲ. ಮುಂದೆ ಪೆಟ್-ಸಿಟಿ ಎಂಬ ಸ್ಕ್ಯಾನ್, ಬೇಕಾದರೆ ಮೂಳೆಮಜ್ಜೆಯ ಪರೀಕ್ಷೆ ಎನ್ನುತ್ತಾರೆ. ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು ಎಂದು ವೈದ್ಯರು ನನ್ನೊಬ್ಬನಿಗೇ ಹೇಳಿದರು. ಅದನ್ನು ಅವಳಿಗೆ ತಿಳಿಸಿಲ್ಲ. ರಿಪೋರ್ಟೆಲ್ಲ ಸರಿ ಇದ್ದ ಮೇಲೆ ಇದು ಮನಸ್ಸಿನ ಕಾಯಿಲೆಯೇ ಎಂಬುದು ನನ್ನ ತಾಯಿಯ ಮಾತು. ಬೆಂಗಳೂರಿಗೆ ಕರೆದುಕೊಂಡು ಹೋಗು ಎಂದು ಬಂಧುಗಳು ಒತ್ತಾಯಿಸುತ್ತಿದ್ದಾರೆ. ನಮಗಿರುವುದು ಸ್ವಲ್ಪ ಹೊಲ, ಎರಡು ಹಸು. ಬೇಸಿಗೆಯಲ್ಲಿ ಒಂದು ಹಸು ಕಂದು ಹಾಕಿದ ಮೇಲೆ ಹಾಲಿನ ಆದಾಯವೂ ಕುಸಿದಿದೆ. ನಾನು ಏನು ಮಾಡಲಿ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲುಗಳಲ್ಲಿ, ಹಣದ ಕಷ್ಟವನ್ನು ಹೇಳುವಾಗ ನೀವು ಬರೆದ ಒಂದು ಸಂಗತಿಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಹಸು ಕಂದು ಹಾಕಿದ್ದನ್ನು ನೀವು ವೈದ್ಯರಿಗೆ ಹೇಳಿದ್ದೀರಾ? ದನಗಳು ಗರ್ಭ ಕಳೆದುಕೊಳ್ಳಲು ಹಲವು ಕಾರಣಗಳಿವೆ, ಅವುಗಳಲ್ಲಿ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಒಂದು. ಕಂದು ಹಾಕಿದ ಹಸುವಿನ ಮಾಸು, ಸ್ರಾವಗಳನ್ನು ಬರಿಗೈಯಲ್ಲಿ ಮುಟ್ಟಿದವರಿಗೆ ಅಥವಾ ಕಾಯಿಸದ ಹಾಲು ಕುಡಿದವರಿಗೆ ಅದು ತಗಲಬಲ್ಲದು. ತಗಲಿದರೆ ವಾರಗಟ್ಟಲೆ ಬಂದು ಹೋಗುವ ಜ್ವರ, ಬೆವರು, ಸೊಂಟ ಮತ್ತು ಕೀಲುಗಳ ನೋವು ಕಾಣಿಸಿಕೊಳ್ಳುತ್ತವೆ. ನಿಮ್ಮ ಪತ್ನಿಗೆ ಇದೇ ಆಗಿದೆ ಎಂದು ನಾನು ಹೇಳುತ್ತಿಲ್ಲ, ಪತ್ರವೊಂದನ್ನು ಓದಿ ಹಾಗೆ ಹೇಳುವುದು ಸರಿಯೂ ಅಲ್ಲ. ಆದರೆ ಕೊಟ್ಟಿಗೆಯ ಕೆಲಸ ಮಾಡುವವರು ಯಾರು, ಆ ದಿನ ಹಸುವಿನ ಬಳಿ ಇದ್ದವರು ಯಾರು ಎಂಬ ವಿವರ ಆಸ್ಪತ್ರೆಯ ಕಡತದಲ್ಲಿ ಇರಲೇಬೇಕು. ಇದಕ್ಕೆ ಪ್ರತ್ಯೇಕ ರಕ್ತಪರೀಕ್ಷೆ ಇದೆ, ವೈದ್ಯರಿಗೆ ಅನುಮಾನ ಬಂದರೆ ಮಾತ್ರ ಅದನ್ನು ಬರೆಯುತ್ತಾರೆ; ರಕ್ತದ ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡುವ ಪ್ರಯೋಗಾಲಯದವರಿಗೂ ಮೊದಲೇ ತಿಳಿಸಿದ್ದರೆ ಅವರು ಹೆಚ್ಚು ದಿನ ಇಟ್ಟು ನೋಡುತ್ತಾರೆ, ತಮ್ಮ ಎಚ್ಚರಿಕೆಯಲ್ಲೂ ಇರುತ್ತಾರೆ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ರೋಗ ಯಾವುದೆಂದು ಕಂಡುಹಿಡಿಯುವ ಹೊಣೆ ನಿಮ್ಮದಲ್ಲ, ಆದರೆ ರೋಗದ ಕಥೆಯನ್ನು ಒಂದೂ ಬಿಡದೆ ವೈದ್ಯರ ಮುಂದೆ ಇಡುವ ಕೆಲಸವನ್ನು ನಿಮ್ಮಷ್ಟು ಚೆನ್ನಾಗಿ ಇನ್ನಾರೂ ಮಾಡಲಾರರು. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಬಾರಿ ಥರ್ಮಾಮೀಟರ್ ಹಚ್ಚಿ ವೇಳೆ ಮತ್ತು ಡಿಗ್ರಿಯನ್ನು ಬರೆಯಿರಿ, ಪ್ಯಾರಾಸಿಟಮಾಲ್ ಕೊಟ್ಟಿದ್ದರೆ ಎಷ್ಟು ಹೊತ್ತಿಗೆ ಎಂಬುದನ್ನೂ ಬರೆಯಿರಿ. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಕ ನೋಡಿ. ಊರಿನಲ್ಲಿ ಕೊಟ್ಟ ಮಾತ್ರೆ, ಇಂಜೆಕ್ಷನ್‌ಗಳ ಚೀಟಿಗಳನ್ನು ಎಸೆಯಬೇಡಿ; ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಕಲ್ಚರ್‌ನಲ್ಲಿ ರೋಗಾಣು ಬೆಳೆಯದಿರಬಹುದು ಎಂಬುದು ವೈದ್ಯರಿಗೆ ಗೊತ್ತಿರಬೇಕು. ಟೈಫಾಯ್ಡ್ ಎಂದದ್ದು ಒಂದೇ ಒಂದು ವಿಡಾಲ್ ಪರೀಕ್ಷೆಯ ಆಧಾರದ ಮೇಲಾಗಿದ್ದರೆ ಅದನ್ನೂ ಹೇಳಿ, ಏಕೆಂದರೆ ಆ ಪರೀಕ್ಷೆ ಒಂದರಿಂದಲೇ ಟೈಫಾಯ್ಡ್ ಖಚಿತವಾಗುವುದಿಲ್ಲ.

ಈಗ ನಿಮ್ಮ ತಾಯಿಯವರ ಮಾತು. ಥರ್ಮಾಮೀಟರ್‌ನಲ್ಲಿ ಕಾಣುವ ಜ್ವರ ಮತ್ತು ಏರಿದ ಇಎಸ್‌ಆರ್, ದೇಹದೊಳಗೆ ಏನೋ ನಡೆಯುತ್ತಿದೆ ಎಂಬುದಕ್ಕೆ ಸಾಕ್ಷಿ. 1961ರಲ್ಲಿ ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಎಂಬ ಅಮೆರಿಕದ ವೈದ್ಯರಿಬ್ಬರು, 101 ಡಿಗ್ರಿಗೆ ಮೀರಿ ಮೂರು ವಾರಕ್ಕಿಂತ ಹೆಚ್ಚು ಕಾಲ ಮರುಕಳಿಸುತ್ತ, ಆಸ್ಪತ್ರೆಯಲ್ಲಿ ಒಂದು ವಾರ ತಪಾಸಣೆ ಮಾಡಿದರೂ ಕಾರಣ ಸಿಗದ ಜ್ವರಕ್ಕೆ ಒಂದು ವ್ಯಾಖ್ಯೆಯನ್ನೇ ಕೊಟ್ಟರು. ಅಂದರೆ ಇಂಥ ಸ್ಥಿತಿಯನ್ನು ವೈದ್ಯಶಾಸ್ತ್ರ ಅರವತ್ತಕ್ಕೂ ಹೆಚ್ಚು ವರ್ಷಗಳಿಂದ ಬಲ್ಲದು. ನಮ್ಮ ದೇಶದಲ್ಲಿ ಇದರ ಹಿಂದೆ ಹೆಚ್ಚಾಗಿ ಕಾಣುವುದು ಸೋಂಕುಗಳು, ಅವುಗಳಲ್ಲೂ ಶ್ವಾಸಕೋಶದ ಹೊರಗೆ ಎಲ್ಲೋ ಅಡಗಿರುವ ಕ್ಷಯ. ಲಿಂಫೋಮಾದಂಥ ಕ್ಯಾನ್ಸರ್‌ಗಳು ಮತ್ತು ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆಗಳೂ ಕಾರಣವಾಗಬಹುದು. ಈ ಮಾತನ್ನು ತಾಯಿಯವರಿಗೆ ನೀವೇ ಹೇಳಬೇಕು, ಪತ್ನಿ ಹೇಳುವಂತಾಗಬಾರದು. ಎರಡು ತಿಂಗಳಿಂದ ನರಳುತ್ತಿರುವವಳು ತನ್ನ ನರಳಾಟ ನಿಜವೆಂದು ಅತ್ತೆಗೆ ರುಜುವಾತು ಮಾಡಬೇಕಾಗಿ ಬಂದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಕ್ಯಾನ್ಸರ್ ಎಂಬ ಮಾತನ್ನು ಮುಚ್ಚಿಟ್ಟಿರುವ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಹೇಳಿ, ಪರೀಕ್ಷೆಗೆ ಮೊದಲೇ ಹೇಳಿ. ನಿಮ್ಮ ಉದ್ದೇಶ ಅವರನ್ನು ಕಾಪಾಡುವುದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮೂಳೆಮಜ್ಜೆಯ ಪರೀಕ್ಷೆಗೆ ಒಪ್ಪಿಗೆ ಕೊಡಬೇಕಾದವರು ಅವರು. ಯಾವುದಕ್ಕಾಗಿ ಎಂದು ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಅಲ್ಲದೆ ನೀವು ವೈದ್ಯರ ಕೋಣೆಯಿಂದ ಒಬ್ಬರೇ ಹೊರಬಂದಾಗ ನಿಮ್ಮ ಮುಖ ನೋಡಿಯೇ ಅವರು ಏನನ್ನೋ ಊಹಿಸಿರುತ್ತಾರೆ, ಆ ಊಹೆಯನ್ನು ಒಬ್ಬರೇ ಹೊತ್ತುಕೊಂಡು ರಾತ್ರಿ ಕಳೆಯುತ್ತಿರಬಹುದು. ಮುಂದಿನ ಭೇಟಿಯಲ್ಲಿ ವೈದ್ಯರಿಗೆ, ‘ಇನ್ನು ಮುಂದೆ ಎಲ್ಲವನ್ನೂ ಇಬ್ಬರ ಎದುರಿಗೇ ಹೇಳಿ’ ಎಂದು ಕೇಳಿಕೊಳ್ಳಿ. ಮನೆಯಲ್ಲಿ ಪತ್ನಿಗೆ, ‘ಜ್ವರಕ್ಕೆ ಹಲವು ಕಾರಣಗಳಿರಬಹುದಂತೆ, ಅದರಲ್ಲಿ ಕ್ಯಾನ್ಸರ್ ಕೂಡ ಒಂದು, ಅದು ಅಲ್ಲವೆಂದು ನೋಡಿಕೊಳ್ಳಬೇಕಂತೆ, ಮೊನ್ನೆ ಹೇಳಲು ನನಗೆ ಧೈರ್ಯವಾಗಲಿಲ್ಲ’ ಎಂದರೆ ಸಾಕು. ಏನೂ ಆಗುವುದಿಲ್ಲ ಎಂಬ ಭರವಸೆಯನ್ನು ಮಾತ್ರ ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ.

ಪರೀಕ್ಷೆಗಳ ದಿನ ಏನಾಗುತ್ತದೆಂದು ಮೊದಲೇ ತಿಳಿದಿದ್ದರೆ ಭಯ ಬಹಳಷ್ಟು ಇಳಿಯುತ್ತದೆ. ಪೆಟ್-ಸಿಟಿಗೆ ಸಾಮಾನ್ಯವಾಗಿ ಆರು ಗಂಟೆ ಉಪವಾಸವಿರಬೇಕು, ಬರಿಯ ನೀರು ಕುಡಿಯಬಹುದು. ಸ್ವಲ್ಪ ವಿಕಿರಣ ಸೂಸುವ ಔಷಧವನ್ನು ಚುಚ್ಚಿದ ಮೇಲೆ ಸುಮಾರು ಒಂದು ಗಂಟೆ ಹೆಚ್ಚು ಮಾತಿಲ್ಲದೆ ವಿಶ್ರಾಂತಿಯಲ್ಲಿರಬೇಕು, ಆಗ ನೀವು ಜೊತೆಯಲ್ಲಿ ಕೂರಲು ಬಿಡುವುದಿಲ್ಲ. ಆ ದಿನ ಕೆಲವು ಗಂಟೆಗಳ ಕಾಲ ಪುಟ್ಟ ಮಕ್ಕಳಿಂದ, ಗರ್ಭಿಣಿಯರಿಂದ ದೂರವಿರಲು ಹೇಳುತ್ತಾರೆ. ಮೂಳೆಮಜ್ಜೆಯನ್ನು ಸೊಂಟದ ಹಿಂಭಾಗದ ಎಲುಬಿನಿಂದ, ಆ ಜಾಗವನ್ನು ಮರಗಟ್ಟಿಸಿ ತೆಗೆಯುತ್ತಾರೆ. ಎಳೆಯುವ ಆ ಕೆಲವು ಕ್ಷಣಗಳಲ್ಲಿ ನೋವಾಗುತ್ತದೆ, ಇಲ್ಲವೆಂದು ಹೇಳಬೇಡಿ. ಫಲಿತಾಂಶಕ್ಕೆ ದಿನಗಳು ಬೇಕು, ಕ್ಷಯದ ಕಲ್ಚರ್‌ಗೆ ಆರರಿಂದ ಎಂಟು ವಾರವೂ ಆಗಬಹುದು. ಕಾಯುವ ದಿನಗಳೇ ಕಠಿಣವಾದ್ದರಿಂದ, ಯಾವ ರಿಪೋರ್ಟ್ ಯಾವಾಗ ಬರುತ್ತದೆ, ಏನೂ ಸಿಗದಿದ್ದರೆ ಮುಂದಿನ ಹೆಜ್ಜೆ ಏನು ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಆಸ್ಪತ್ರೆಯಿಂದ ಹೊರಡಬೇಡಿ.

ಬೆಂಗಳೂರಿಗೆ ಹೋಗುವುದು ತಪ್ಪಲ್ಲ, ಆದರೆ ನಡೆಯುತ್ತಿರುವ ತಪಾಸಣೆಯನ್ನು ಅರ್ಧಕ್ಕೆ ಬಿಟ್ಟು ಹೋದರೆ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಈಗಿನ ವೈದ್ಯರಿಗೆ ನೇರವಾಗಿ ತಿಳಿಸಿ, ಅವರಿಂದಲೇ ಸಾರಾಂಶ ಬರೆಸಿಕೊಂಡು ಹೋಗಿ. 2002ರ ವೈದ್ಯಕೀಯ ಮಂಡಳಿಯ ನಿಯಮಗಳ ಪ್ರಕಾರ, ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕು. ಈ ನಡುವೆ ಯಾರಾದರೂ ಜ್ವರ ಬಿಡಿಸಲು ಸ್ಟೀರಾಯ್ಡ್ ಕೊಡಲು ಬಂದರೆ ಬೇಡವೆನ್ನಿ. ಕೆಲವು ಕಾಯಿಲೆಗಳ, ಮುಖ್ಯವಾಗಿ ಲಿಂಫೋಮಾದ ಗುರುತನ್ನು ಅದು ಮರೆಮಾಡುತ್ತದೆ.

ಖರ್ಚಿನ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಈ ಪರೀಕ್ಷೆಗಳು ಅದರಲ್ಲಿ ಸೇರುತ್ತವೆಯೇ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕೇ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು (ಈ ಯೋಜನೆಯ ಸಹಾಯಕರನ್ನು) ಮುಂಚಿತವಾಗಿ ಕೇಳಿ. ಖಾಸಗಿ ವಿಮೆ ಇದ್ದರೆ, ಬರಿಯ ತಪಾಸಣೆಗಾಗಿ ದಾಖಲಾದ ಖರ್ಚನ್ನು ಬಹುತೇಕ ಪಾಲಿಸಿಗಳು ಕೊಡುವುದಿಲ್ಲ ಎಂಬುದು ಗೊತ್ತಿರಲಿ.

ಹಾಲನ್ನು ಮನೆಯವರೆಲ್ಲ ಚೆನ್ನಾಗಿ ಕುದಿಸಿಯೇ ಕುಡಿಯಿರಿ, ಹಸುವನ್ನು ಪಶುವೈದ್ಯರಿಗೆ ತೋರಿಸಿ. ಮುಂದಿನ ಭೇಟಿಗೆ ಕಾಯುತ್ತಿರುವಾಗ ಪತ್ನಿಗೆ ಉಸಿರಾಡಲು ಕಷ್ಟವಾದರೆ, ಮಾತು ಗೊಂದಲವಾದರೆ, ಕುತ್ತಿಗೆ ಬಿಗಿದು ತಲೆ ಸಿಡಿದರೆ, ಮೂತ್ರ ತೀರಾ ಕಡಿಮೆಯಾದರೆ ಅಥವಾ ಎಲ್ಲಿಂದಲಾದರೂ ರಕ್ತ ಸೋರಿದರೆ, ಯಾವ ರಿಪೋರ್ಟಿಗೂ ಕಾಯದೆ 108ಕ್ಕೆ ಕರೆ ಮಾಡಿ, ಆ ನೋಟ್‌ಬುಕ್ಕನ್ನೂ ಕೈಯಲ್ಲಿ ಹಿಡಿದು ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.